ಬಚ್ಚಲ ಗೋಡೆಯ ತೂತು

ಚನ್ನಗಿರಿ ತಾಲ್ಲೂಕಿನ ನಲ್ಲೂರಿನಂಥ ಊರಲ್ಲಿ ಮನೆ ಬೆಚ್ಚಗಿಡಲು ಯಾರೂ ಹೀಟರ್ ಹಾಕಿಸುವುದಿಲ್ಲ. ಡಿಸೆಂಬರ್ ಚಳಿಗೆ ಒಂದು ಕಂಬಳಿ ಸಾಕು. ಇಲ್ಲಿ ಕಾಯಿಸಬೇಕಾದ್ದು ಕೋಣೆಯನ್ನಲ್ಲ, ಸ್ನಾನದ ನೀರನ್ನು. ಅಡಿಕೆ ಸೀಮೆಯಾದ್ದರಿಂದ ಉರುವಲಿಗೆ ಎಂದೂ ಬರ ಇರಲಿಲ್ಲ: ಸುಲಿದ ಅಡಿಕೆಯ ಸಿಪ್ಪೆ, ಒಣಗಿದ ಸೋಗೆ, ತೆಂಗಿನ ಗರಿ, ಚಿಪ್ಪು. ಇವನ್ನೆಲ್ಲ ತುರುಕಿ ಉರಿ ಹಾಕಿದರೆ ಹಂಡೆಯ ನೀರು ಮನೆಮಂದಿಯೆಲ್ಲ ಮೀಯುವಷ್ಟು ಕಾಯುತ್ತಿತ್ತು. ಎಷ್ಟೋ ಮನೆಗಳಲ್ಲಿ ಹಂಡೆ ಬಚ್ಚಲೊಳಗೆ, ಒಲೆಯ ಬಾಯಿ ಗೋಡೆಯಾಚೆ ಹಿತ್ತಲಿಗೆ. ಒಲೆ ಒಳಗೇ ಇದ್ದ ಮನೆಗಳಲ್ಲೂ ಹೆಂಚಿನ ಸಂದಿಯಿಂದ ಹೊಗೆ ತಾನಾಗಿ ದಾರಿ ಹುಡುಕಿಕೊಳ್ಳುತ್ತಿತ್ತು. ಕಣ್ಣುರಿ, ಕೆಮ್ಮು, ಮಸಿ ಹಿಡಿದ ಜಂತೆ ಎಲ್ಲ ನಿಜ. ಆದರೆ ಆ ಬಚ್ಚಲಿಗೆ ಉಸಿರಾಟವಿತ್ತು.

ಈಗ ಹೆಂಚು ಹೋಗಿ ಆರ್‌ಸಿಸಿ ತಾರಸಿ ಬಂದಿದೆ. ಬಚ್ಚಲು ಮನೆ ‘ಬಾತ್‌ರೂಮ್’ ಆಗಿ ಆರಡಿ ಉದ್ದ, ಐದಡಿ ಅಗಲಕ್ಕೆ ಕುಗ್ಗಿದೆ. ತೋಟಕ್ಕೇ ಆಳು ಸಿಕ್ಕದ ಕಾಲದಲ್ಲಿ ನಸುಕಿಗೆ ಎದ್ದು ಹಂಡೆಗೆ ಉರಿ ಹಾಕುವವರು ಯಾರು? ಕರೆಂಟಿನ ಗೀಸರ್ ಹಾಕಿಸೋಣವೆಂದರೆ ಕರೆಂಟು ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ. ಹೀಗೆ ಗ್ಯಾಸ್ ಗೀಸರ್ ಬಂತು. ನಲ್ಲಿ ತಿರುಗಿಸಿದ ಕೂಡಲೇ ಕಿಡಿ ಹತ್ತುತ್ತದೆ, ಐದಾರು ಸೆಕೆಂಡಿಗೆ ಬಿಸಿನೀರು. ಅದಕ್ಕೆ ಬೇಕಾದದ್ದು ಎರಡು ಬ್ಯಾಟರಿ ಸೆಲ್ಲು, ಒಂದು ಸಿಲಿಂಡರು ಮತ್ತು ಆ ಸಿಲಿಂಡರಿನಿಂದ ಒಂದು ಪೈಪು.

ಪೈಪು ಎಳೆಯುವ ದಿನದ ಮಾತು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ.

“ಸಿಲಿಂಡ್ರು ಎಲ್ಲಿ ಇಡ್ತೀರಿ ಗೌಡ್ರೇ?”

“ಅಡುಗೆಮನೇಲಿ ಇದೆಯಲ್ಲಪ್ಪ, ಅಲ್ಲಿಂದ್ಲೇ ಎಳಿ. ಬಚ್ಚಲ ಗೋಡೆಗೆ ಒಂದು ತೂತು ಹೊಡೆದ್ರಾತು.”

ಈ ಅಧ್ಯಾಯವೆಲ್ಲ ಆ ಒಂದು ತೂತಿನ ಬಗ್ಗೆ.

ಮೊದಲು ಸಿಲಿಂಡರಿನ ಒಳಗೇನಿದೆ ನೋಡೋಣ. 1910ರ ಸುಮಾರಿಗೆ ಅಮೆರಿಕದ ರಸಾಯನ ವಿಜ್ಞಾನಿ ವಾಲ್ಟರ್ ಸ್ನೆಲ್ಲಿಂಗ್, ಪೆಟ್ರೋಲಿನಿಂದ ಸದಾ ಆವಿಯಾಗಿ ಹೋಗುತ್ತಿದ್ದದ್ದು ಏನೆಂದು ಪತ್ತೆ ಮಾಡಲು ಹೊರಟು ಪ್ರೋಪೇನ್, ಬ್ಯೂಟೇನ್‌ಗಳನ್ನು ಬೇರ್ಪಡಿಸಿದ. ಒತ್ತಡ ಹಾಕಿದರೆ ಇವೆರಡೂ ಸಲೀಸಾಗಿ ದ್ರವವಾಗುತ್ತವೆ, ಒತ್ತಡ ಬಿಟ್ಟರೆ ಮತ್ತೆ ಅನಿಲ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗಿ ಹಿಗ್ಗುತ್ತದೆ. 14.2 ಕೆಜಿಯಷ್ಟು ಇಂಧನ ಮೊಣಕಾಲೆತ್ತರದ ಉಕ್ಕಿನ ಪಾತ್ರೆಯಲ್ಲಿ ಕೂತಿರುವುದು ಈ ಗುಣದಿಂದ. ಪ್ರೋಪೇನ್ ಕುದಿಯುವುದು ಮೈನಸ್ 42 ಡಿಗ್ರಿಯಲ್ಲಿ, ಬ್ಯೂಟೇನ್ ಸೊನ್ನೆಗೆ ಕೊಂಚ ಕೆಳಗೆ. ಚಳಿದೇಶಗಳಲ್ಲಿ ಮನೆ ಕಾಯಿಸಲು ಶುದ್ಧ ಪ್ರೋಪೇನೇ ಬೇಕು. ಮೈನಸ್ ಇಪ್ಪತ್ತರಲ್ಲಿ ಬ್ಯೂಟೇನ್ ತುಂಬಿದ ಟ್ಯಾಂಕು ಹೆಸರಿಗೆ ಭರ್ತಿ, ಒಲೆಗೆ ಖಾಲಿ. ನಮ್ಮಲ್ಲಿ ಆ ತಾಪತ್ರಯವಿಲ್ಲ, ಎರಡರ ಮಿಶ್ರಣವೇ ನಡೆಯುತ್ತದೆ.

ಮೂವತ್ತು ಡಿಗ್ರಿ ಬಿಸಿಲಿನ ದಿನ ಸಿಲಿಂಡರಿನೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಐದಾರು ಕೆಜಿ ಒತ್ತಡ ಇರುತ್ತದೆ. ಒಲೆಗೆ, ಗೀಸರ್‌ಗೆ ಬೇಕಾದದ್ದು ಬರೀ 30 ಗ್ರಾಂ. ಇನ್ನೂರರಲ್ಲಿ ಒಂದು ಪಾಲು ಎನ್ನಿ. ಇಷ್ಟು ಇಳಿಸುವ ಕೆಲಸ ರೆಗ್ಯುಲೇಟರ್‌ನದು. ಅದರೊಳಗೆ ಒಂದು ರಬ್ಬರ್ ಪೊರೆ, ಮೇಲೆ ಸ್ಪ್ರಿಂಗು, ಕೆಳಗೆ ಒಂದು ಸಣ್ಣ ಬಾಯಿ. ಆಚೆ ಒತ್ತಡ ಹೆಚ್ಚಿದರೆ ಪೊರೆ ಮೇಲೇರಿ ಬಾಯಿ ಮುಚ್ಚುತ್ತದೆ, ಕಮ್ಮಿಯಾದರೆ ಇಳಿದು ತೆರೆಯುತ್ತದೆ. ಸಿಲಿಂಡರನ್ನು ಮಲಗಿಸಬಾರದು ಎನ್ನುವುದಕ್ಕೂ ಇದೇ ಕಾರಣ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರ್‌ಗೆ ನುಗ್ಗುತ್ತದೆ, ಅದು ಆಚೆ ಬಂದು 250 ಪಟ್ಟು ಹಿಗ್ಗುತ್ತದೆ.

ಮೂವತ್ತು ಗ್ರಾಂ ಎಂದರೆ ಎಷ್ಟು? ಗಾರೆ ಕೆಲಸದವರ ಲೆವೆಲ್ ಪೈಪು ನೋಡಿದ್ದೀರಲ್ಲ, ನೀರು ತುಂಬಿದ ಪಾರದರ್ಶಕ ಕೊಳವೆ. ಅದರ ಒಂದು ತುದಿಗೆ ರೆಗ್ಯುಲೇಟರ್‌ನಿಂದ ಬರುವ ಅನಿಲ ಕೊಟ್ಟರೆ ಇನ್ನೊಂದು ತುದಿಯ ನೀರು ಮೂವತ್ತು ಸೆಂಟಿಮೀಟರ್ ಮೇಲೆ ನಿಲ್ಲುತ್ತದೆ, ಅಷ್ಟೇ. ಒಂದು ಅಡಿಯ ನೀರಿನ ಭಾರ. ಕೊಳವೆ ತುದಿಯನ್ನು ಬಾಯಲ್ಲಿಟ್ಟು ಊದಿದರೆ ನಾವೇ ಅದಕ್ಕಿಂತ ಹೆಚ್ಚು ಏರಿಸಬಲ್ಲೆವು.

ಅಮೆರಿಕದ ಹಳ್ಳಿಗಾಡಿನಲ್ಲಿ ನೆಲೆಸಿದ ಕನ್ನಡಿಗರ ಮನೆಗಳ ಅಂಗಳದಲ್ಲೂ ಪ್ರೋಪೇನ್ ಟ್ಯಾಂಕು ಕಾಣಬಹುದು, 500 ಗ್ಯಾಲನ್ ಅಂದರೆ ಸುಮಾರು 1,900 ಲೀಟರಿನದು. ಹಿಗ್ಗಲು ಜಾಗ ಬೇಕೆಂದು ಅದರಲ್ಲಿ ಶೇಕಡಾ 80ರಷ್ಟು ಮಾತ್ರ ತುಂಬುತ್ತಾರೆ. ಅಲ್ಲಿಂದ ಮನೆಯವರೆಗೆ ನೆಲದಡಿ ಪೈಪು ಹೂತಿರುತ್ತಾರೆ. ಟ್ಯಾಂಕಿನ ಬಳಿ ಒಂದು ರೆಗ್ಯುಲೇಟರ್ ಒತ್ತಡವನ್ನು ಮುಕ್ಕಾಲು ಕೆಜಿಯ ಆಸುಪಾಸಿಗೆ ಇಳಿಸುತ್ತದೆ, ಮನೆಯ ಗೋಡೆಯ ಹೊರಗೆ ಇನ್ನೊಂದು ರೆಗ್ಯುಲೇಟರ್ 11 ಅಂಗುಲ ನೀರಿನ ಮಟ್ಟಕ್ಕೆ. ಹನ್ನೊಂದು ಅಂಗುಲವೆಂದರೆ 28 ಸೆಂಟಿಮೀಟರ್! ಅಲ್ಲಿನ ಮಿನ್ನೆಸೋಟ ರಾಜ್ಯದ ಹಿಮದಲ್ಲಿ ಇಡೀ ಮನೆ ಕಾಯಿಸುವ ಕುಲುಮೆಗೂ ನಲ್ಲೂರಿನ ಬಚ್ಚಲಿಗೂ ಒಳಹೋಗುವ ಒತ್ತಡ ಬಹುತೇಕ ಒಂದೇ. ವ್ಯತ್ಯಾಸವಿರುವುದು ಬೇರೆಡೆ. ಅದಕ್ಕೆ ಆಮೇಲೆ ಬರೋಣ.

ಇಷ್ಟು ಮೆತ್ತನೆಯ ಒತ್ತಡ ಆದ್ದರಿಂದಲೇ ಪೈಪಿನ ಉದ್ದ, ಅಗಲ ಲೆಕ್ಕಕ್ಕೆ ಬರುತ್ತವೆ. ಗೀಸರ್ ನಿಮಿಷಕ್ಕೆ ಆರು ಲೀಟರ್ ನೀರನ್ನು 25 ಡಿಗ್ರಿ ಏರಿಸುತ್ತದೆ ಎಂದುಕೊಳ್ಳಿ. ಅದಕ್ಕೆ ಹತ್ತೂವರೆ ಕಿಲೋವಾಟ್ ಶಾಖ ನೀರಿಗೇ ಸೇರಬೇಕು. ನಷ್ಟ ಸೇರಿಸಿದರೆ ಉರಿಯಬೇಕಾದದ್ದು ಹದಿಮೂರು ಕಿಲೋವಾಟ್. ಅಡುಗೆ ಒಲೆಯ ಒಂದು ಬರ್ನರ್ ಎರಡು ಕಿಲೋವಾಟಿನ ಆಸುಪಾಸು. ಅಂದರೆ ಗೋಡೆಗೆ ನೇತುಹಾಕಿದ ಆ ತೆಳು ಪೆಟ್ಟಿಗೆಯೊಳಗೆ ಆರು ಬರ್ನರ್‌ಗಳ ಉರಿ ಒಟ್ಟಿಗೆ ಉರಿಯುತ್ತಿದೆ! ಗಂಟೆಗೆ ಒಂದು ಕೆಜಿ ಗ್ಯಾಸು. ಎಂಟು ಮಿಲಿಮೀಟರ್ ಒಳ ಅಗಲದ ಪೈಪಿನಲ್ಲಿ ಇಷ್ಟು ಅನಿಲ ಹರಿಯುವಾಗ ಮೀಟರಿಗೆ ಸುಮಾರು ಮೂರು ಮಿಲಿಮೀಟರ್ ನೀರಿನಷ್ಟು ಒತ್ತಡ ಕಳೆದುಹೋಗುತ್ತದೆ. ಹತ್ತು ಮೀಟರ್ ಎಳೆದರೂ ಹತ್ತರಲ್ಲೊಂದು ಪಾಲು ನಷ್ಟ, ಪರವಾಗಿಲ್ಲ. ಅದೇ ಆರು ಮಿಲಿಮೀಟರಿನ ಪೈಪು ಹಾಕಿ ನೋಡಿ: ಮೀಟರಿಗೆ ಹನ್ನೆರಡು ಮಿಲಿಮೀಟರ್. ಹತ್ತು ಮೀಟರಿಗೆ ಒತ್ತಡದ ಐದರಲ್ಲಿ ಎರಡು ಪಾಲು ಮಾಯ. ಅಗಲ ಕಾಲುಭಾಗ ಕಮ್ಮಿಯಾದರೆ ನಷ್ಟ ನಾಲ್ಕು ಪಟ್ಟು. “ಯಾವ ಪೈಪಾದ್ರೇನು, ಗ್ಯಾಸ್ ಬಂದ್ರಾತು” ಎನ್ನುವವರು ಈ ಲೆಕ್ಕ ಒಮ್ಮೆ ನೋಡಲಿ. ಒಲೆಯ ಪೈಪಿಗೇ ಒಂದು ‘ಟಿ’ ಕೂಡಿಸಿ ಗೀಸರ್‌ಗೂ ಕೊಟ್ಟರೆ ಗೀಸರ್ ಹತ್ತಿದ ಕೂಡಲೇ ಒಲೆಯ ಉರಿ ಕುಗ್ಗುವುದಕ್ಕೂ ಕಾರಣ ಇದೇ.

ಗೀಸರ್ ಸ್ವಲ್ಪ ಹೊತ್ತು ಓಡಿದ ಮೇಲೆ ಸಿಲಿಂಡರನ್ನು ಮುಟ್ಟಿ ನೋಡಿ. ಮೇಲ್ಭಾಗ ಮಾಮೂಲಿ. ಒಂದು ಮಟ್ಟದಿಂದ ಕೆಳಗೆ ಉಕ್ಕು ತಣ್ಣಗಿದೆ. ಮೋಡದ ದಿನವಾದರೆ ಅಲ್ಲಿಂದ ಕೆಳಗೆ ಸಣ್ಣಗೆ ಬೆವರಿರುತ್ತದೆ, ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಆ ಬೆವರಿನ ಅಂಚೇ ಒಳಗಿನ ದ್ರವದ ಮಟ್ಟ. ದ್ರವ ಆವಿಯಾಗಲು ಶಾಖ ಬೇಕು. ಗಂಟೆಗೆ ಒಂದು ಕೆಜಿ ಆವಿಯಾಗಲು ಸುಮಾರು ನೂರು ವಾಟಿನಷ್ಟು. ಅದನ್ನು ದ್ರವ ತನ್ನ ಮೈಯಿಂದ, ಸಿಲಿಂಡರಿನ ಉಕ್ಕಿನಿಂದ, ಸುತ್ತಲ ಗಾಳಿಯಿಂದ ಎಳೆದುಕೊಳ್ಳುತ್ತದೆ. ಗ್ಯಾಸ್ ಎಷ್ಟು ಉಳಿದಿದೆ ಎಂದು ತಿಳಿಯಲು ಸಿಲಿಂಡರ್ ಅಲ್ಲಾಡಿಸುವವರಿಗಿಂತ ಈ ಬೆವರು ನೋಡುವವರು ಜಾಣರು.

ಪೈಪಿನ ವಿಚಾರಕ್ಕೆ ಮರಳೋಣ. ಕಂಪನಿಗಳು ಕೊಡುವ ಕಿತ್ತಳೆ ಬಣ್ಣದ ‘ಸುರಕ್ಷಾ’ ಪೈಪಿನ ಒಡಲಲ್ಲಿ ತಂತಿಯ ಹೆಣಿಗೆ ಇದೆ, ಇಲಿ ಕಡಿದರೂ ತಡೆಯುತ್ತದೆ. ಐದು ವರ್ಷಕ್ಕೊಮ್ಮೆ ಬದಲಿಸಿ ಎನ್ನುತ್ತಾರೆ. ರಬ್ಬರು ಹಳತಾದಂತೆ ಗಡುಸಾಗಿ ಸೀಳುವುದರಿಂದ ಈ ಮಾತು ಬರೀ ವ್ಯಾಪಾರಕ್ಕೆ ಹೇಳಿದ್ದಲ್ಲ. ರಬ್ಬರ್ ಪೈಪನ್ನು ಎಂದೂ ಗೋಡೆಯೊಳಗೆ ತೂರಿಸಬಾರದು. ಸಿಮೆಂಟಿನ ಒರಟು ಅಂಚು ಅದನ್ನು ಸವೆಸುತ್ತದೆ, ಒಳಗೆ ಸೀಳಿದರೆ ಕಣ್ಣಿಗೆ ಕಾಣುವುದಿಲ್ಲ. ಗೋಡೆ ದಾಟಲೇಬೇಕಿದ್ದರೆ ತಾಮ್ರದ್ದೋ ಜಿಐದೋ ಪೈಪು, ಅದರ ಸುತ್ತ ಇನ್ನೊಂದು ದೊಡ್ಡ ತೋಳು, ಜಾಯಿಂಟೆಲ್ಲ ಗೋಡೆಯ ಹೊರಗೆ. ಕೆಲಸ ಮುಗಿದ ಮೇಲೆ ಪ್ರತಿ ಜಾಯಿಂಟಿಗೂ ಸೋಪಿನ ನೀರು ಸವರುವುದು ಪರೀಕ್ಷೆ. ಸೋರಿಕೆ ಇದ್ದರೆ ಮೊದಲು ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ ಏಳುತ್ತದೆ, ನೋಡನೋಡುತ್ತ ಕಡಲೆಯಷ್ಟಾಗಿ ಒಡೆಯುತ್ತದೆ, ಅದೇ ಜಾಗದಲ್ಲಿ ಇನ್ನೊಂದು. ಗುಳ್ಳೆ ಏಳದಿದ್ದರೆ ಮಾತ್ರ ಕೆಲಸ ಮುಗಿಯಿತು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಶೂರರೂ ಇದ್ದಾರೆ, ಅವರನ್ನು ಮನೆಯೊಳಗೆ ಸೇರಿಸಬೇಡಿ.

ಸೋರಿದ ಗ್ಯಾಸು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ನೆಲಕ್ಕಿಳಿದು ತಗ್ಗು ಹುಡುಕುತ್ತದೆ. ನಮ್ಮ ಮನೆಗಳಲ್ಲಿ ಅತ್ಯಂತ ತಗ್ಗಿನ ಜಾಗ ಯಾವುದು? ಬಚ್ಚಲೇ. ಗಾಳಿಯಲ್ಲಿ ಶೇಕಡಾ ಎರಡರಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹೊತ್ತಿಕೊಳ್ಳುತ್ತದೆ. ಮೂಲತಃ ಈ ಅನಿಲಕ್ಕೆ ವಾಸನೆಯೇ ಇಲ್ಲ. ನಾವು ಮೂಗು ಮುಚ್ಚುವ ನಾತ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ನಿನದು. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಶಾಲೆಯ ಕೆಳಗೆ ಸೋರಿ ತುಂಬಿಕೊಂಡು ಸಿಡಿಯಿತು, ಸುಮಾರು ಮುನ್ನೂರು ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಅನಿಲಕ್ಕೆ ನಾತ ಬೆರೆಸುವುದು ಕಡ್ಡಾಯವಾಗಿದ್ದು ಅದಾದ ಮೇಲೆ. ಇಂದು ನಮ್ಮ ಅಡುಗೆಮನೆಗಳನ್ನು ಕಾಯುತ್ತಿರುವುದು ಆ ನಾತ.

ಆದರೆ ಅದು ನಮಗೊಂದು ಹುಸಿ ಧೈರ್ಯವನ್ನೂ ಕೊಟ್ಟಿದೆ. ವಾಸನೆ ಇಲ್ಲ, ಅಂದಮೇಲೆ ಅಪಾಯವಿಲ್ಲ! ಗ್ಯಾಸ್ ಗೀಸರಿನ ಬಚ್ಚಲಲ್ಲಿ ಸತ್ತವರ ಮೂಗಿಗೆ ಬಹುಮಟ್ಟಿಗೆ ಯಾವ ನಾತವೂ ಬಡಿದಿರುವುದಿಲ್ಲ. ಉರಿಯಲ್ಲಿ ಮರ್ಕ್ಯಾಪ್ಟನ್ನೂ ಸುಟ್ಟುಹೋಗುತ್ತದೆ. ಪತ್ರಿಕೆಗಳು ‘ಗೀಸರ್ ಗ್ಯಾಸ್ ಸೋರಿ ಸಾವು’ ಎಂದು ತಲೆಬರಹ ಕೊಡುತ್ತವೆ. ಹೆಚ್ಚಿನ ಪ್ರಕರಣಗಳಲ್ಲಿ ಏನೂ ಸೋರಿರುವುದಿಲ್ಲ. ಪೈಪು ಸರಿಯಿತ್ತು, ರೆಗ್ಯುಲೇಟರ್ ಸರಿಯಿತ್ತು, ಉರಿ ಚೆನ್ನಾಗಿಯೇ ಹತ್ತಿತ್ತು. ಕೊಂದದ್ದು ಉರಿದ ಮೇಲೆ ಉಳಿದದ್ದು.

ಲೆಕ್ಕ ಹಾಕೋಣ. ಒಂದು ಕೆಜಿ ಗ್ಯಾಸು ಉರಿಯಲು ಮೂರೂವರೆ ಕೆಜಿಗೂ ಮಿಗಿಲು ಆಮ್ಲಜನಕ ಬೇಕು. ಗಾಳಿಯ ಐದರಲ್ಲೊಂದು ಪಾಲು ಮಾತ್ರ ಆಮ್ಲಜನಕವಾದ್ದರಿಂದ ಅದಕ್ಕೆ ಸುಮಾರು 13 ಘನ ಮೀಟರ್, ಅಂದರೆ 460 ಘನ ಅಡಿ ಗಾಳಿ ಖರ್ಚಾಗುತ್ತದೆ. ನಮ್ಮ ಬಾತ್‌ರೂಮು ಆರಡಿ ಉದ್ದ, ಐದಡಿ ಅಗಲ, ಒಂಬತ್ತಡಿ ಎತ್ತರ: ಒಟ್ಟು 270 ಘನ ಅಡಿ. ಒಬ್ಬರು ಹತ್ತು ನಿಮಿಷ ಶವರ್ ಬಿಟ್ಟುಕೊಂಡು ನಿಂತರೆ ಗೀಸರ್ ಸುಮಾರು 77 ಘನ ಅಡಿ ಗಾಳಿಯ ಆಮ್ಲಜನಕ ಮುಗಿಸುತ್ತದೆ. ಬಾಗಿಲು ಭದ್ರ, ಚಳಿಗೆ ವೆಂಟಿಲೇಟರ್‌ಗೆ ರಟ್ಟು ಸಿಕ್ಕಿಸಿದೆ ಎಂದಾದರೆ ಶೇಕಡಾ 21 ಇದ್ದ ಆಮ್ಲಜನಕ 15ರ ಹತ್ತಿರಕ್ಕೆ ಇಳಿದಿರುತ್ತದೆ. ಮೇಣದಬತ್ತಿ ಆರುವ ಮಟ್ಟ ಅದು. ಜೊತೆಗೆ ಅರ್ಧ ಕೆಜಿ ಇಂಗಾಲದ ಡೈಆಕ್ಸೈಡು, ಕಾಲು ಲೀಟರಿಗೂ ಹೆಚ್ಚು ನೀರಾವಿ. ಕನ್ನಡಿ ಮಂಜಾಗುವುದು ಬರೀ ಬಿಸಿನೀರಿನಿಂದಲ್ಲ, ಗ್ಯಾಸು ಉರಿದಾಗ ನೀರೂ ಹುಟ್ಟುತ್ತದೆ. ಮೊದಲನೆಯವರು ಮಿಂದು ಹೊರಬಂದು ಬಾಗಿಲು ಎಳೆದುಕೊಂಡರು, ಎರಡನೆಯವರು ಒಳಹೊಕ್ಕು ಚಿಲಕ ಹಾಕಿಕೊಂಡರು. ಅವರ ಸ್ನಾನ ಶುರುವಾಗುವುದು ಈ ಉಳಿಕೆಯ ಗಾಳಿಯಲ್ಲಿ.

ಆಮ್ಲಜನಕ ಸಾಕಷ್ಟಿದ್ದಾಗ ಪ್ರತಿ ಇಂಗಾಲದ ಪರಮಾಣುವಿಗೂ ಎರಡೆರಡು ಆಮ್ಲಜನಕ ಸಿಕ್ಕಿ ಡೈಆಕ್ಸೈಡು ಆಗುತ್ತದೆ. ಕೊರತೆ ಬಿದ್ದಾಗ ಕೆಲವಕ್ಕೆ ಒಂದೇ ಸಿಗುತ್ತದೆ. ಅದು ಕಾರ್ಬನ್ ಮಾನಾಕ್ಸೈಡ್. ನೀಲಿ ಉರಿ ಹಳದಿಗೆ ತಿರುಗುತ್ತದೆ, ಗೀಸರಿನ ತಾಮ್ರದ ರೆಕ್ಕೆಗಳಿಗೆ ಮಸಿ ಹಿಡಿಯುತ್ತದೆ, ಮಸಿ ಹೊಗೆಯ ದಾರಿ ಕಟ್ಟುತ್ತದೆ, ಉರಿ ಇನ್ನಷ್ಟು ಕೆಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಹಂಡೆ ಒಲೆಯ ಹೊಗೆ ನಮ್ಮನ್ನು ಅಳಿಸಿ ಹೊರಗೋಡಿಸುತ್ತಿತ್ತು, ಇದು ಏನನ್ನೂ ಹೇಳುವುದಿಲ್ಲ.

ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಕಾರ್ಬನ್ ಮಾನಾಕ್ಸೈಡ್ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಗಾಳಿಯಲ್ಲಿ ಶೇಕಡಾ 0.16ರಷ್ಟಿದ್ದರೆ ಇಪ್ಪತ್ತು ನಿಮಿಷದಲ್ಲಿ ತಲೆನೋವು, ತಲೆಸುತ್ತು, ವಾಕರಿಕೆ, ಇನ್ನೂ ಅಲ್ಲೇ ಇದ್ದರೆ ಒಂದು ಗಂಟೆಯೊಳಗೆ ಸಾವು. ಅದರ ನಾಲ್ಕು ಪಟ್ಟಾದರೆ ಹತ್ತು-ಹದಿನೈದು ನಿಮಿಷ ಸಾಕು. ಮೊದಲು ಸೋಲುವುದು ಕಾಲು. ಏನೋ ಸರಿಯಿಲ್ಲ ಎಂದು ತಲೆಗೆ ಹೊಳೆಯುವ ಹೊತ್ತಿಗೆ ಎರಡಡಿ ದೂರದ ಚಿಲಕಕ್ಕೂ ಕೈ ಎಟುಕುವುದಿಲ್ಲ. ಬದುಕುಳಿದವರಲ್ಲಿ ಕೆಲವರಿಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದದ್ದೆಂದು ಮೂರ್ಛೆರೋಗದ ಗುಳಿಗೆ ಕೊಟ್ಟದ್ದೂ ಉಂಟು. ಭಾರತದ ನರರೋಗ ತಜ್ಞರು ಇದನ್ನು ಗುರುತಿಸಿ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದೇ ಹೆಸರಿಟ್ಟು ವೈದ್ಯಕೀಯ ನಿಯತಕಾಲಿಕಗಳಲ್ಲಿ ಬರೆದಿದ್ದಾರೆ. 2025ರ ಅಕ್ಟೋಬರಿನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಒಟ್ಟಿಗೆ ಸ್ನಾನಕ್ಕೆ ಹೋದ ಇಬ್ಬರು ಸಹೋದರಿಯರು ಹೊರಬರಲೇ ಇಲ್ಲ.

ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಬ್ರಿಟನ್ನಿನ ಶರೀರ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಇಂಥದೇ ಒಂದು ತಪ್ಪು ತಿಳಿವಳಿಕೆಯನ್ನು ಬಯಲಿಗೆಳೆದಿದ್ದ. ಕಲ್ಲಿದ್ದಲು ಗಣಿ ಸಿಡಿದಾಗ ಸಾಯುವವರು ಸ್ಫೋಟದಿಂದ ಸಾಯುತ್ತಾರೆ ಎಂದು ಹಲವರು ನಂಬಿದ್ದ ಕಾಲ. ಸತ್ತವರ ದೇಹಗಳನ್ನು ಪರೀಕ್ಷಿಸಿದ ಹಾಲ್ಡೇನ್, ಬಹುಪಾಲು ಮಂದಿಯನ್ನು ಕೊಂದದ್ದು ಸ್ಫೋಟವಲ್ಲ, ಅದರ ನಂತರ ಸುರಂಗದಲ್ಲಿ ಉಳಿದ ಕಾರ್ಬನ್ ಮಾನಾಕ್ಸೈಡ್ ಎಂದು 1896ರಲ್ಲಿ ವರದಿ ಕೊಟ್ಟ. ಅದಕ್ಕೂ ಮುಂಚೆ ಆ ಅನಿಲವನ್ನು ತಾನೇ ಸೇವಿಸಿ, ತನ್ನ ರಕ್ತವನ್ನೇ ಪರೀಕ್ಷಿಸಿಕೊಂಡು ಲಕ್ಷಣಗಳನ್ನು ಬರೆದಿಟ್ಟಿದ್ದ.

ಮಿನ್ನೆಸೋಟದ ಮನೆಗೂ ನಮ್ಮ ಬಚ್ಚಲಿಗೂ ಇರುವ ವ್ಯತ್ಯಾಸ ಇಲ್ಲಿದೆ. ಅಲ್ಲಿ ಗ್ಯಾಸ್ ತರುವ ಪೈಪಿಗಿಂತ ದಪ್ಪನಾದ ಇನ್ನೊಂದು ಪೈಪು ಹೊಗೆಯನ್ನು ಹೊರಗೆ ಒಯ್ಯುತ್ತದೆ. ಉರಿಗೆ ಬೇಕಾದ ಗಾಳಿಗೂ ದಾರಿ ಮಾಡಿರುತ್ತಾರೆ, ಮಲಗುವ ಕೋಣೆಗಳ ಬಳಿ ಮಾನಾಕ್ಸೈಡ್ ಅಲಾರಂ ಇರಬೇಕೆಂದು ಹಲವು ರಾಜ್ಯಗಳಲ್ಲಿ ಕಾನೂನೇ ಇದೆ. ನಮ್ಮಲ್ಲಿ ಸಣ್ಣ ಗೀಸರ್‌ಗಳಿಗೆ ಹೊಗೆ ಕೊಳವೆಯೇ ಇರುವುದಿಲ್ಲ. ಪೆಟ್ಟಿಗೆಯ ನೆತ್ತಿಯ ಮೇಲಿನ ಸೀಳುಗಳಿಂದ ಹೊಗೆ ನೇರ ಬಚ್ಚಲಿಗೇ ಬರುತ್ತದೆ. ಪೈಪಿನ ಕಂಪನಿ ಯಾವುದು, ಕ್ಲಿಪ್ಪು ಬಿಗಿಯಾಗಿದೆಯೇ ಎಂದೆಲ್ಲ ಹತ್ತು ಸಲ ಕೇಳುವ ಯಜಮಾನರು ಹೊಗೆ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ಕೇಳುವುದಿಲ್ಲ. ಎಗ್ಜಾಸ್ಟ್ ಫ್ಯಾನ್ ಇದೆಯಲ್ಲ ಎನ್ನಬಹುದು. ಕರೆಂಟು ಕೈಕೊಡುತ್ತದೆಂದು ತಂದ ಗೀಸರನ್ನು ಕಾಯಲು ಕರೆಂಟಿನ ಫ್ಯಾನೇ?

ಯಾರಾದರೂ ಒಳಗೆ ಹೋಗಿ ಬಹಳ ಹೊತ್ತಾಗಿ, ಕೂಗಿದರೂ ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂದೆಮುಂದೆ ನೋಡಬಾರದು. ಗ್ಯಾಸ್ ನಿಲ್ಲಿಸಿ, ಅವರನ್ನು ಬಯಲಿಗೆ ಎಳೆದು ತಂದು 108ಕ್ಕೆ ಫೋನ್ ಮಾಡಿ. ಸೇರಿಕೊಂಡ ವಿಷದ ಅರ್ಧ ಭಾಗ ರಕ್ತದಿಂದ ಇಳಿಯಲು ಬರೀ ಗಾಳಿಯಲ್ಲಿ ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ. ಆದ್ದರಿಂದ “ಸುಧಾರಿಸಿಕೊಂಡ್ರು, ಬಿಡಿ” ಎನ್ನದೆ ಆಸ್ಪತ್ರೆಗೆ ಒಯ್ಯಬೇಕು, ಮನೆಯಲ್ಲಿ ಗ್ಯಾಸ್ ಗೀಸರ್ ಇದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಉರಿಯದ ಗ್ಯಾಸಿನ ನಾತ ಬಂದರೆ ಕರೆಯಬೇಕಾದ ನಂಬರ್ ಬೇರೆ, 1906.

ಈಗ ಗೋಡೆಯ ತೂತಿಗೆ ಬರೋಣ. ಬಚ್ಚಲೊಳಗೆ ಬರಬೇಕಾದದ್ದು ಬಿಸಿನೀರು. ಅದಕ್ಕಾಗಿ ಗ್ಯಾಸನ್ನೂ ಉರಿಯನ್ನೂ ಹೊಗೆಯನ್ನೂ ಒಳಗೆ ತರುವ ಅಗತ್ಯವೇನಿದೆ? ಗೀಸರನ್ನು ಬಚ್ಚಲಿನ ಹೊರಗೋಡೆಗೆ, ಹಿತ್ತಲ ಕಡೆ, ಮಳೆ ಎರಚಲು ಮತ್ತು ಗಾಳಿ ನೇರ ಬಡಿಯದಂತೆ ಮೇಲೊಂದು ಸಜ್ಜಾ ಇರುವಲ್ಲಿ ಹಾಕಿಸಿ. ಸಿಲಿಂಡರ್ ಅದರ ಪಕ್ಕದಲ್ಲೇ ನಿಂತರೆ ಒಂದೂವರೆ ಮೀಟರ್ ಪೈಪು ಸಾಕು, ಜಾಯಿಂಟೆಲ್ಲ ಕಣ್ಣೆದುರೇ ಇರುತ್ತದೆ. ಅದೇ ತೂತಿನಲ್ಲಿ ಗ್ಯಾಸಿನ ಪೈಪಿನ ಬದಲು ಬಿಸಿನೀರಿನ ಪೈಪು ಒಳಗೆ ಬರಲಿ. ನೀರಿನ ನಲ್ಲಿ ಒಳಗಿದ್ದರೂ ಗೀಸರ್ ತಾನಾಗಿ ಹತ್ತುತ್ತದೆ, ಆರುತ್ತದೆ: ಅದನ್ನು ಹತ್ತಿಸುವುದು ಸ್ವಿಚ್ಚಲ್ಲ, ಹರಿಯುವ ನೀರಿನ ಒತ್ತಡ. ಈಗಾಗಲೇ ಒಳಗೆ ಹಾಕಿಸಿಕೊಂಡವರು ಹೊರಗೆ ಸಾಗಿಸುವ ತನಕ ಬಕೆಟ್‌ಗೆ ನೀರು ತುಂಬಿಸಿಕೊಂಡು, ಗೀಸರ್ ನಿಲ್ಲಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆ ಸ್ನಾನಕ್ಕೆ ಹೋಗಲಿ.

ಅರ್ಧ ಅಂಗುಲದ ನೀರಿನ ಪೈಪು ಮೂರು ಮೀಟರ್ ಉದ್ದವಿದ್ದರೆ ಅದರಲ್ಲಿ ಹಿಡಿಯುವ ನೀರು ಅರ್ಧ ಲೀಟರಿಗೂ ಕಡಿಮೆ. ಗೀಸರ್ ಹೊರಗಿದ್ದರೆ ಬಿಸಿನೀರು ನಾಲ್ಕೈದು ಸೆಕೆಂಡ್ ತಡವಾಗಿ ಬರುತ್ತದೆ.